ಗಣಿಯೋ, ಠರಾವೋ?
(ಡೊಂಬಿವಲಿಯ ಕನ್ನಡಿಗರ ಸಭೆಯಲ್ಲಿ ಮಾಡಿದ ಭಾಷಣ)



ಬ್ಲಾಕ್‌ಚೈನ್ ಎಂಬುದು ಸಾವಿರಾರು ಗಣಕಗಳಲ್ಲಿ ಏಕಕಾಲಕ್ಕೆ ಇರುವ ಒಂದೇ ಲೆಕ್ಕದ ಪುಸ್ತಕ. ನಮ್ಮ ಹೋಟೆಲು, ಅಂಗಡಿಗಳ ಕಿರ್ದಿಯಂತೆ ಇದಕ್ಕೂ ಪುಟಗಳುಂಟು. ಆ ಪುಟವೇ ಬ್ಲಾಕ್. ಪ್ರತಿಯೊಂದು ಪುಟವೂ ಹಿಂದಿನ ಪುಟದ ಮುದ್ರೆಯನ್ನು ಹೊತ್ತಿರುವುದರಿಂದ, ನಡುವೆ ಒಂದಂಕಿ ತಿದ್ದಿದರೂ ಮುಂದಿನದೆಲ್ಲ ತಾಳೆ ತಪ್ಪುತ್ತದೆ. ಶಾನುಭೋಗನೇ ಇಲ್ಲದ ಈ ಪುಸ್ತಕಕ್ಕೆ ಹೊಸ ಪುಟ ಸೇರಿಸುವವರು ಯಾರು? ಆ ಕ್ರಿಯೆಗೆ ಹೆಸರೇನು?

2008ರ ಬಿಟ್‌ಕಾಯಿನ್ ಪ್ರಬಂಧದಲ್ಲಿ ಸತೋಶಿ ನಕಮೋಟೊ ಎಂಬ ಹೆಸರಿನ ಲೇಖಕರು ಹೊಸ ನಾಣ್ಯದ ಹುಟ್ಟನ್ನು ಚಿನ್ನದ ಗಣಿಗೆ ಹೋಲಿಸಿದರು. ಯಂತ್ರಗಳು ಅಸಂಖ್ಯ ಅಂಕಿಗಳನ್ನು ಒಂದೊಂದಾಗಿ ಪರೀಕ್ಷಿಸುತ್ತವೆ; ನಿಯಮಕ್ಕೊಪ್ಪುವ ಅಂಕಿಯನ್ನು ಮೊದಲು ಕಂಡ ಯಂತ್ರವು ಪುಟ ಸೇರಿಸುತ್ತದೆ, ಸರಾಸರಿ 10 ನಿಮಿಷಕ್ಕೊಂದು. ಅದರ ಸಂಭಾವನೆ 2009ರಲ್ಲಿ 50 ನಾಣ್ಯ. 2024ರ ಏಪ್ರಿಲಿನಲ್ಲಿ 3.125ಕ್ಕೆ ಇಳಿಯಿತು. ಇದನ್ನೇ ನಾವು ‘ಗಣಿಗಾರಿಕೆ’ ಎಂದು ಕರೆದೆವು. ಕೋಲಾರ, ಹಟ್ಟಿಗಳನ್ನು ಬಲ್ಲ ಕನ್ನಡಿಗನಿಗೆ ಗಣಿಯೆಂದರೆ ನೆಲದಡಿ ಹೊನ್ನಿದೆ ಎಂಬ ಭರವಸೆ. ಇಲ್ಲಿಯಾದರೋ ಅಗೆಯಲು ನೆಲವೇ ಇಲ್ಲ.

ಆ ಭರವಸೆಯೇ ವಂಚಕರ ಬಂಡವಾಳ. ‘ಗೇನ್ ಬಿಟ್‌ಕಾಯಿನ್’ ಯೋಜನೆಯು ಗಣಿಗಾರಿಕೆಯ ಹೆಸರಿನಲ್ಲಿ ತಿಂಗಳಿಗೆ ನೂರಕ್ಕೆ 10ರ ಲಾಭದ ಆಸೆ ತೋರಿಸಿತೆಂಬುದು ಜಾರಿ ನಿರ್ದೇಶನಾಲಯದ ಆರೋಪ. 2018ರಲ್ಲಿ ಪುಣೆಯ ಪೊಲೀಸರು ಈ ಪ್ರಕರಣದಲ್ಲಿ ಬಂಧನಗಳನ್ನು ನಡೆಸಿದರು.

ಇಥೀರಿಯಮ್ ಎಂಬ ಇನ್ನೊಂದು ಸರಪಣಿಯು 2022ರ ಸೆಪ್ಟೆಂಬರ್ 15ರಂದು ಗಣಿಗಾರಿಕೆಯನ್ನೇ ತ್ಯಜಿಸಿತು. ಅದರ ವಿದ್ಯುತ್ ವೆಚ್ಚ ನೂರಕ್ಕೆ 99ಕ್ಕೂ ಮಿಕ್ಕಿ ಕುಗ್ಗಿತು. ಅಲ್ಲಿ ಠೇವಣಿ ಇಟ್ಟವರಲ್ಲೊಬ್ಬರನ್ನು 12 ಸೆಕೆಂಡಿಗೊಮ್ಮೆ ಚೀಟಿ ಎತ್ತಿದಂತೆ ಆರಿಸಲಾಗುತ್ತದೆ. ಅವರು ಪುಟವನ್ನು ಮಂಡಿಸುತ್ತಾರೆ, ಇತರರು ಒಪ್ಪಿಗೆ ನೀಡುತ್ತಾರೆ. ಮೋಸ ಮಾಡಿದವರ ಠೇವಣಿಗೆ ಕತ್ತರಿ ಬೀಳುತ್ತದೆ. ಇಂಥ ಪದ್ಧತಿಗೆ ಕೆಲವರು ಕುಲುಮೆಯ ಮಾತು ಬಳಸಿದರು, ಕೆಲವರು ಟಂಕಸಾಲೆಯದನ್ನು. ಟೆಜೋಸ್‌ನವರು ಬೇಕರಿಯದನ್ನೇ ತಂದರು!

ನಾವು ಅಷ್ಟು ದೂರ ಹೋಗಬೇಕಾಗಿಲ್ಲ. ನಮ್ಮ ಸಂಘಗಳ ಮಹಾಸಭೆಯಲ್ಲಿ ಠರಾವಿಗೆ ಒಬ್ಬರು ಸೂಚಕರು, ಇನ್ನೊಬ್ಬರು ಅನುಮೋದಕರು ಇರುತ್ತಾರಷ್ಟೆ. ಇಥೀರಿಯಮ್ಮಿನ ವ್ಯವಸ್ಥೆಗೆ ಈ ಎರಡು ಪದಗಳೇ ಸಾಕು. ‘ಗಣಿಗಾರಿಕೆ’ ಬಿಟ್‌ಕಾಯಿನ್ನಿನ ರೀತಿಗಷ್ಟೇ ಉಳಿಯಲಿ. ಒಟ್ಟು ಕ್ರಿಯೆಗೆ ‘ಪುಟ ಸೇರಿಕೆ’ ಎನ್ನೋಣ.

ಪದವು ಕೆಲಸವನ್ನು ತೋರಿಸಬೇಕು, ಮರೆಮಾಚಬಾರದು. ಲೋಕಲ್ ಗಾಡಿಯಲ್ಲಿ ನಿಂತು ದುಡಿದು ಕೂಡಿಟ್ಟ ಹಣವನ್ನು ನಾಳೆ ಯಾರಾದರೂ ‘ಗಣಿ’ಗೆ ಕೇಳಿದರೆ, ನೀವು ತಿರುಗಿ ಕೇಳಬೇಕಾದ್ದಿಷ್ಟೆ: ಪುಟ ಬರೆಯುವವರು ಯಾರು? ಅನುಮೋದಕರು ಯಾರು? ಉತ್ತರ ದೊರೆಯದಿದ್ದರೆ ಹಣ ನಿಮ್ಮಲ್ಲೇ ಇರಲಿ.