ಅಜ್ಜಿಯ ಹೆಜ್ಜೆಯ ಲೆಕ್ಕ

ನಡೆಯುವಾಗ ನಿಮ್ಮ ಎರಡೂ ಪಾದ ಒಟ್ಟಿಗೆ ನೆಲದ ಮೇಲಿರುವುದು ಎಷ್ಟು ಹೊತ್ತು ಗೊತ್ತೇ? ನೂರರಲ್ಲಿ ಸುಮಾರು 20 ಪಾಲು ಅಷ್ಟೆ. ಉಳಿದ 80 ಪಾಲು ಹೊತ್ತು ಇಡೀ ಮೈಭಾರ ಒಂದೇ ಕಾಲಿನ ಮೇಲೆ. ನಾವು ಇಷ್ಟು ಹೊತ್ತು ಒಂಟಿ ಕಾಲಿನಲ್ಲೇ ಇರುತ್ತೇವೆಂದು ಯಾರಿಗೂ ಅನ್ನಿಸುವುದೇ ಇಲ್ಲ!

ಗೋಡೆಯ ಪಕ್ಕ ನಿಂತು ಒಂದು ಕಾಲೆತ್ತಿ ನೋಡಿ. ನೆಲದ ಮೇಲಿರುವ ಪಾದವನ್ನು ಗಮನಿಸಿ. ಬೆರಳುಗಳು ನೆಲವನ್ನು ಒತ್ತುತ್ತವೆ, ಕಾಲಿನ ಗಂಟು ಆಚೀಚೆ ಸಣ್ಣಗೆ ಅಲುಗುತ್ತಲೇ ಇರುತ್ತದೆ. ಈಗ ಕಣ್ಣು ಮುಚ್ಚಿ. ಕೈ ತಾನಾಗಿ ಗೋಡೆಗೆ ಹೋಯಿತಲ್ಲವೇ? ಬೀಳದಂತೆ ನಿಲ್ಲಲು ಮಿದುಳಿಗೆ ಮೂರು ಕಡೆಯಿಂದ ಸುದ್ದಿ ಬೇಕು: ಕಣ್ಣಿನಿಂದ, ಒಳಕಿವಿಯಿಂದ, ಮತ್ತು ಸ್ನಾಯು-ಕೀಲುಗಳಿಂದ. ಮಂಡಿ ಎಷ್ಟು ಮಡಚಿದೆ ಎಂಬುದನ್ನು ನೋಡದೆಯೇ ಹೇಳಬಲ್ಲಿರಲ್ಲ, ಅದು ಈ ಮೂರನೆಯ ಸುದ್ದಿ.

ಒಂಟಿ ಕಾಲಿನಲ್ಲಿ ನಿಂತಾಗ ಮೈಭಾರ ಹೊರುವ ಕೀಲುಗಳಲ್ಲಿ ಮಂಡಿಯೂ ಒಂದು. ಹಿರಿಯರು 'ಮಂಡಿ ಸವೆದಿದೆ' ಅನ್ನುವುದನ್ನು ನೀವು ಕೇಳಿರುತ್ತೀರಿ. ವೈದ್ಯರು ಅದನ್ನು ಆಸ್ಟಿಯೊಆರ್ಥ್ರೈಟಿಸ್ ಎನ್ನುತ್ತಾರೆ. ಮಂಡಿಯೊಳಗೆ ಮೂಳೆಗಳ ತುದಿಗೆ ಮೃದ್ವಸ್ಥಿಯ ಹೊದಿಕೆಯಿದೆ. ಕೆಲವೇ ಮಿಲಿಮೀಟರ್ ದಪ್ಪ, ತುಂಬ ನುಣುಪು. ಅದರಲ್ಲಿ ರಕ್ತನಾಳಗಳಿಲ್ಲ. ಕಾಲೂರಿದಾಗ ಸ್ಪಂಜಿನಂತೆ ಒತ್ತಿಕೊಂಡು, ಎತ್ತಿದಾಗ ಸುತ್ತಲಿನ ಕೀಲುದ್ರವವನ್ನು ಹೀರಿಕೊಂಡು ಅದು ಬದುಕುತ್ತದೆ. ರಕ್ತದ ಪೂರೈಕೆ ಇಲ್ಲದ್ದರಿಂದ ಒಮ್ಮೆ ಸವೆದರೆ ಮತ್ತೆ ಬೆಳೆಯುವುದು ಕಷ್ಟ. ಮೃದ್ವಸ್ಥಿಯಲ್ಲಿ ನರಗಳೂ ಇಲ್ಲ. ನೋವು ಏಳುವುದು ಅದರ ಕೆಳಗಿನ ಮೂಳೆಯಲ್ಲಿ, ಕೀಲಿನ ಒಳಪದರದಲ್ಲಿ.

ನೋವಿದ್ದರೆ ತೊಡೆಯ ಮುಂಭಾಗದ ದೊಡ್ಡ ಸ್ನಾಯು ಪೂರ್ತಿ ಬಲ ಹಾಕುವುದಿಲ್ಲ. ಬಳಸದ ಸ್ನಾಯು ಸೊರಗುತ್ತದೆ. ಆಗ ಒಂಟಿ ಕಾಲಿನ ಮೇಲೆ ನಿಂತ ಆ ಕ್ಷಣದಲ್ಲಿ ಮಂಡಿ ಇದ್ದಕ್ಕಿದ್ದಂತೆ ಕುಸಿದಂತಾಗಬಹುದು.

ಅದಕ್ಕೇ ಮಂಡಿ ನೋಯುವ ಅಜ್ಜಿಯ ನಡಿಗೆ ಬದಲಾಗುತ್ತದೆ. ಹೆಜ್ಜೆ ಚಿಕ್ಕದು, ವೇಗ ಕಡಿಮೆ, ಎರಡೂ ಪಾದ ನೆಲದಲ್ಲಿರುವ ಹೊತ್ತು ಜಾಸ್ತಿ. ನೋಯುವ ಕಾಲೂರಿದಾಗ ಮೈಯನ್ನು ಅದೇ ಕಡೆಗೆ ಸ್ವಲ್ಪ ವಾಲಿಸುತ್ತಾರೆ. ಇದರಿಂದ ಮಂಡಿಯ ಒಳಬದಿಗೆ ಬೀಳುವ ಒತ್ತಡ ತಗ್ಗುತ್ತದೆ. ಯಾರೂ ಹೇಳಿಕೊಡದೆ ದೇಹ ತಾನೇ ಹಾಕಿಕೊಂಡ ಈ ಲೆಕ್ಕ ನನಗೆ ಬಹಳ ಸೋಜಿಗದ್ದು. ಆದರೆ ಇಂಥ ಚಿಕ್ಕ ಹೆಜ್ಜೆಯಲ್ಲಿ ಪಾದ ಹೆಚ್ಚು ಮೇಲೇಳದಿದ್ದರೆ ಹೊಸ್ತಿಲು, ಮಡಚಿದ ಚಾಪೆಯಂಚು, ನೀವು ಬಿಟ್ಟುಹೋದ ಆಟದ ಸಾಮಾನು ಕಾಲಿಗೆ ತಗಲುತ್ತವೆ.

ಬಲ ಮಂಡಿ ನೋಯುತ್ತಿದ್ದರೆ ಊರುಗೋಲು ಯಾವ ಕೈಯಲ್ಲಿರಬೇಕು? ಬಹಳ ಜನ ಬಲಗೈ ಅನ್ನುತ್ತಾರೆ. ಸರಿಯಾದದ್ದು ಎಡಗೈ. ಬಲಗಾಲಿನ ಮೇಲೆ ನಿಂತಾಗ ಆಸರೆಯಿಲ್ಲದೆ ಇಳಿಯುವುದು ಸೊಂಟದ ಎಡಬದಿ. ಕೋಲು ಅಲ್ಲೇ ಊರಿದರೆ ಭಾರದ ಒಂದು ಪಾಲು ಕೈಗೆ ಹೋಗಿ ಬಲ ಮಂಡಿ ಹಗುರಾಗುತ್ತದೆ. ನೀವೇ ನಡೆದು ನೋಡಿ, ಬಲಗಾಲು ಮುಂದೆ ಹೋಗುವಾಗ ಎಡಗೈ ತಾನೇ ಮುಂದೆ ಬರುತ್ತದೆ; ಕೋಲೂ ಅದರ ಜೊತೆಗೇ ಸಾಗುತ್ತದೆ. ಕೈ ಇಳಿಬಿಟ್ಟು ನಿಂತಾಗ ಕೋಲಿನ ಹಿಡಿ ಮಣಿಕಟ್ಟಿನ ಎತ್ತರಕ್ಕಿರಬೇಕು.

ಮೆಟ್ಟಿಲಿಗೂ ಕ್ರಮವಿದೆ: ಹತ್ತುವಾಗ ಗಟ್ಟಿ ಕಾಲು ಮೊದಲು, ಇಳಿಯುವಾಗ ನೋಯುವ ಕಾಲು ಮೊದಲು. ಎರಡು ಸಲವೂ ಮೈಭಾರವನ್ನು ಎತ್ತುವ, ಇಳಿಸುವ ಕೆಲಸ ಗಟ್ಟಿ ಕಾಲಿನದೇ.

ಹಾಗಂತ ಅಜ್ಜಿಯನ್ನು ಕೂತಲ್ಲೇ ಕೂರಿಸಬೇಡಿ. ಓಡಾಡದಿದ್ದರೆ ಸ್ನಾಯು ಇನ್ನಷ್ಟು ಸೊರಗುತ್ತದೆ. ಕುರ್ಚಿಯಲ್ಲಿ ಕೂತು ಒಂದು ಕಾಲನ್ನು ನಿಧಾನವಾಗಿ ನೇರ ಚಾಚಿ, ಸ್ವಲ್ಪ ಹೊತ್ತು ಹಿಡಿದು ಇಳಿಸುವ ವ್ಯಾಯಾಮ ತೊಡೆಯ ಸ್ನಾಯುವಿಗೆ ಒಳ್ಳೆಯದು. ವೈದ್ಯರನ್ನು ಒಮ್ಮೆ ಕೇಳಿಕೊಂಡು, ಪಕ್ಕದ ಕುರ್ಚಿಯಲ್ಲಿ ನೀವೂ ಕೂತು ಜೊತೆಯಲ್ಲೇ ಮಾಡಿ. ಎಣಿಸುವ ಕೆಲಸ ನಿಮ್ಮದು.