ಮಾಂಸಾಹಾರಿ ಮೀನಿನ ಸಹವಾಸ

ಪಿರಾನ ಎಂಬ ಮೀನಿನ ಹೆಸರು ಕಿವಿಗೆ ಬಿದ್ದೊಡನೆ, ಹೊಳೆಗಿಳಿದ ದನವೊಂದು ಕ್ಷಣಾರ್ಧದಲ್ಲಿ ಎಲುಬಿನ ಗೂಡಾಗುವ ದೃಶ್ಯ ನಮ್ಮ ಕಣ್ಣೆದುರು ಸುಳಿಯುತ್ತದೆ. ಈ ಅಪಖ್ಯಾತಿಯನ್ನು ಜಗತ್ತಿಗೆ ಹರಡಿದವರಲ್ಲಿ ಅಮೆರಿಕದ ಮಾಜಿ ಅಧ್ಯಕ್ಷ ಥಿಯೋಡರ್ ರೂಸ್‌ವೆಲ್ಟರು ಪ್ರಮುಖರು. ತಮ್ಮ ಬ್ರೆಜಿಲ್ ಯಾತ್ರೆಯನ್ನು ಕುರಿತು 1914ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಅವರು ಅದನ್ನು ಲೋಕದ ಅತ್ಯಂತ ಕ್ರೂರ ಮೀನೆಂದು ಬಣ್ಣಿಸಿದರು. ವಾಸ್ತವವಾಗಿ ಕೆಂಪು ಹೊಟ್ಟೆಯ ಪಿರಾನ ಅಂಜುಬುರುಕ ಪ್ರಾಣಿ. ಅದು ಗುಂಪುಗೂಡುವುದು ಬೇಟೆಗಿಂತ ಹೆಚ್ಚಾಗಿ ಮೊಸಳೆ, ನೀರುಕಾಗೆಗಳ ಭಯದಿಂದ ಎಂಬುದು ಅಮೆಜಾನಿನಲ್ಲಿ ಅಧ್ಯಯನ ನಡೆಸಿದ ವಿಜ್ಞಾನಿಗಳ ಮತ.

ಈ ವಿವೇಕ ನನಗೆ ತಡವಾಗಿ ಬಂದಿತು. ಆರು ವರ್ಷಗಳ ಹಿಂದೆ, ನಿವೃತ್ತಿಯ ಹೊಸತರಲ್ಲಿ, ಸಾಕಿದರೆ ಪಿರಾನವನ್ನೇ ಸಾಕಬೇಕೆಂಬ ಹಟದಿಂದ ಅಂಗಡಿಗೆ ಹೋದೆ. ಪಿರಾನವೆಂದು ಅಂಗಡಿಯಾತ ತೋರಿಸಿದ್ದು ಪಾಕು. ಪಿರಾನದ ನೆಂಟನೇ ಹೌದು. ಆದರೆ ಬಾಯಲ್ಲಿ ಗರಗಸವಿಲ್ಲ, ನಮ್ಮ ನಿಮ್ಮ ದವಡೆಹಲ್ಲಿನಂಥ ಚಪ್ಪಟೆ ಹಲ್ಲು. ಕಾಯಿ, ಬೀಜಗಳನ್ನು ಅಗಿಯುವ ಈ ಮೀನು ನಮ್ಮ ಮಾರುಕಟ್ಟೆಗಳಲ್ಲಿ ರೂಪಚಂದ್ ಎಂಬ ಹೆಸರಿನಿಂದ ಅಡುಗೆಗೆ ಮಾರಾಟವಾಗುತ್ತದೆ. ನನಗೆ ಬೇಕಾಗಿದ್ದುದು ಕ್ರೌರ್ಯ. ಆದುದರಿಂದ ಪಕ್ಕದ ತೊಟ್ಟಿಯಲ್ಲಿದ್ದ, ಪೆನ್ಸಿಲಿನಷ್ಟುದ್ದದ, ಮೊಸಳೆ ಮೂತಿಯ ಅಲಿಗೇಟರ್ ಗಾರ್ ಮರಿಯೊಂದನ್ನು ಕೊಂಡು ತಂದೆ.

ಅದು ಅಮೆರಿಕದ ಮಿಸಿಸಿಪ್ಪಿ ಪ್ರಾಂತದ ಮೀನು. ನನ್ನ ತೊಟ್ಟಿಯಲ್ಲಿದ್ದ ಗಪ್ಪಿಗಳು ಹದಿನೈದು ದಿನಗಳಲ್ಲಿ ಮುಗಿದವು. ಅದು ಬೆನ್ನಟ್ಟುವುದಿಲ್ಲ, ಕಟ್ಟಿಗೆಯ ತುಂಡಿನಂತೆ ನಿಶ್ಚಲವಾಗಿ ತೇಲುತ್ತಿರುತ್ತದೆ. ಮೀನೊಂದು ಮೂತಿಯ ಪಕ್ಕಕ್ಕೆ ಬಂದಿತೋ, ತಲೆಯನ್ನು ಅಡ್ಡಕ್ಕೆ ಬೀಸಿ ಹಿಡಿಯುತ್ತದೆ. ಕಿವಿರಿನ ಜೊತೆಗೆ ಗಾಳಿಚೀಲದಿಂದಲೂ ಉಸಿರಾಡುವ ಜಾತಿ. ರಾತ್ರಿ ಮೇಲೆದ್ದು ಗಾಳಿ ನುಂಗುವ ಸದ್ದು ಮಲಗುವ ಕೋಣೆಗೂ ಕೇಳಿಸುತ್ತಿತ್ತು. ವರ್ಷ ತುಂಬುವಷ್ಟರಲ್ಲಿ ಒಂದೂವರೆ ಅಡಿ ಬೆಳೆಯಿತು. ಅಡಿಯಷ್ಟೇ ಅಗಲದ ತೊಟ್ಟಿ. ತಿರುಗಲು ಸ್ಥಳವಿಲ್ಲದೆ ಮೂತಿ ಗಾಜಿಗೆ ತಾಗಿ ಹುಣ್ಣಾಯಿತು. ಅದನ್ನು ಕಂಡ ದಿನ ನನಗೆ ಊಟ ಸೇರಲಿಲ್ಲ.

“ಕೆರೆಗೆ ಬಿಟ್ಟುಬಿಡಿ ರಾಯರೇ, ಪುಣ್ಯ ಬರುತ್ತದೆ” ಎಂದರು ಮಿತ್ರರೊಬ್ಬರು. ಒಂದು ಮುಂಜಾನೆ ಬಕೀಟಿನಲ್ಲಿ ಹಾಕಿಕೊಂಡು ಹೊರಟೂಬಿಟ್ಟೆ. ಏರಿಯ ಮೇಲೆ ಬಲೆ ಬಿಡಿಸುತ್ತ ಕುಳಿತಿದ್ದವನೊಬ್ಬ ಬಕೀಟಿನೊಳಗೆ ಇಣುಕಿ, “ಇದು ಏನು ತಿನ್ನುತ್ತೆ ಸ್ವಾಮಿ?” ಎಂದು ಕೇಳಿದ. ನಾನು ಉತ್ತರ ಹೇಳದೆ ಮನೆಗೆ ಮರಳಿದೆ.

2023ರಲ್ಲಿ ಭೋಪಾಲದ ಕೆರೆಯಲ್ಲಿ, ಅನಂತರ ಶ್ರೀನಗರದ ದಾಲ್ ಸರೋವರದಲ್ಲಿ ಇದೇ ಮೀನು ಸಿಕ್ಕಿತೆಂಬ ವಾರ್ತೆಯನ್ನು ಜನ ಬೆರಗಾಗಿ ಓದಿದರು. ನನಗೆ ಬೆರಗೆನಿಸಲಿಲ್ಲ. ಬಕೀಟು ಹಿಡಿದು ಹೊರಟವರು ಅಲ್ಲಿಯೂ ಇದ್ದಿರಬೇಕು.

ಈಗ ನನ್ನ ಗಾರ್ ಹಿತ್ತಲಿನ ಸಿಮೆಂಟು ತೊಟ್ಟಿಯಲ್ಲಿದೆ, ನಾಲ್ಕಡಿ ಬೆಳೆದಿದೆ. ಐವತ್ತು ವರ್ಷ ಬದುಕಬಲ್ಲ ಜಾತಿ. ನನಗೆ ಅರವತ್ತಾರು. ನನ್ನ ಅನಂತರ ಮನೆಯನ್ನು ಮಾರುವುದಾದರೂ ಆ ತೊಟ್ಟಿಗೊಂದು ವ್ಯವಸ್ಥೆ ಮಾಡಿಯೇ ಮಾರಬೇಕೆಂದು ಮಗನಿಗೆ ಹೇಳಿದ್ದೇನೆ. ಅವನು ಇನ್ನೂ ಒಪ್ಪಿಲ್ಲ.