ಬೆಳಕನ್ನು ಹಿಡಿಯುವ ಬಣ್ಣಗಳು
(ಮೋರಖಂಡಿಯಲ್ಲಿ ಮಾಡಿದ ಭಾಷಣದ ಸಾರ)



ಸೌರವಿದ್ಯುತ್ತಿಗೆ ಬಿಸಿಲೊಂದೇ ಸಾಲದು, ನೆಲವೂ ಬೇಕು. ತುಮಕೂರು ಜಿಲ್ಲೆಯ ಪಾವಗಡದ 2,050 ಮೆಗಾವ್ಯಾಟ್ ಸೌರ ಉದ್ಯಾನಕ್ಕೆ ರೈತರಿಂದ ಗುತ್ತಿಗೆ ಪಡೆದ ಭೂಮಿ ಸುಮಾರು 13,000 ಎಕರೆ. ಆದುದರಿಂದ ಮಾಳಿಗೆ, ಗೋಡೆ, ತಗಡಿನ ಚಾವಣಿಗಳಿಂದಲೇ ವಿದ್ಯುತ್ತು ಪಡೆಯುವ ದಾರಿಯನ್ನು ಹುಡುಕುವುದು ಪರಿಸರದ ಕೆಲಸವೂ ಹೌದು.

ಅಂಥ ದಾರಿಗಳಲ್ಲೊಂದು ಸಾವಯವ ಸೌರಕೋಶ. ಇಲ್ಲಿ ಸಾವಯವವೆಂದರೆ ಗೊಬ್ಬರದ ಮಾತಲ್ಲ. ಇಂಗಾಲವೇ ಬೆನ್ನೆಲುಬಾಗಿರುವ ಅಣುಗಳ ಮಾತು. ಎಲೆಯ ಪತ್ರಹರಿತ್ತು ಅಂಥದೇ ಅಣು. ಅದು ಕೆಂಪು, ನೀಲಿ ಬೆಳಕನ್ನು ಹೀರಿ ಹಸಿರನ್ನು ಬಹುಪಾಲು ಬಿಟ್ಟುಕೊಡುತ್ತದೆ. ರಸಾಯನವಿಜ್ಞಾನಿಗಳು ಎಲೆಕ್ಟ್ರಾನನ್ನು ಕೊಡುವ ಭಾಗವನ್ನೂ ಸೆಳೆಯುವ ಭಾಗವನ್ನೂ ಒಂದೇ ಅಣುವಿನಲ್ಲಿ ಜೋಡಿಸುತ್ತಾರೆ. ಆಗ ಅದು ಕಣ್ಣಿಗೆ ಕಾಣದ ಅವಕೆಂಪು ಕಿರಣಗಳನ್ನೂ ಹೀರಬಲ್ಲದು. ಇಂಥ ಅಣುಗಳ ಪದರ ಬಲು ತೆಳು, ಹಗುರ. ಭಾರ ತಾಳದ ಚಾವಣಿಗೂ ಹೊಂದಬಲ್ಲದು.

1986ರಲ್ಲಿ ಅಮೆರಿಕದ ಕೊಡಾಕ್ ಪ್ರಯೋಗಾಲಯದ ಟ್ಯಾಂಗ್ ಪ್ರಕಟಿಸಿದ ಕೋಶದ ದಕ್ಷತೆ ಸುಮಾರು ಶೇ. 1. 2019ರಲ್ಲಿ ಚೀನಾದ ವಿಜ್ಞಾನಿಗಳ ‘ವೈ6’ ಅಣುವಿನಿಂದ ಅದು ಶೇ. 15.7 ಆಯಿತು. ಈಗ ಪ್ರಯೋಗಾಲಯದ ಪುಟ್ಟ ಕೋಶಗಳಲ್ಲಿ ಶೇ. 20ರ ಆಸುಪಾಸಿನಲ್ಲಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿಯೂ ಈ ಸಂಶೋಧನೆ ನಡೆದಿದೆ.

ಆದರೆ ಬಿಸಿಲನ್ನು ಹೀರುವ ಬಣ್ಣ ಬಿಸಿಲಿಗೇ ಮಾಸುತ್ತದೆ. ಗಾಳಿ, ತೇವಗಳೂ ಅದನ್ನು ಕೆಡಿಸುತ್ತವೆ. ಸಿಲಿಕಾನ್ ಫಲಕದ 25 ವರ್ಷಗಳ ಬಾಳಿಕೆ ಇದಕ್ಕಿನ್ನೂ ದಕ್ಕಿಲ್ಲ. ನಮ್ಮ ಬೀದರ ಜಿಲ್ಲೆಯ ಬೇಸಿಗೆಯನ್ನು ತಾಳುವ ಅಣುವೇ ನಮಗೆ ಬೇಕಾದ ಅಣು.

ಆದ್ದರಿಂದ ವಿದ್ಯಾರ್ಥಿಗಳೇ, ದಕ್ಷತೆಯ ಅಂಕಿಯನ್ನು ಯಾರಾದರೂ ಹೇಳಿದಾಗ ಎರಡು ಪ್ರಶ್ನೆ ಕೇಳಿರಿ: ಇದು ಎಷ್ಟು ವರ್ಷ ಬಾಳುವುದು? ಯಾರ ನೆಲವನ್ನು ಉಳಿಸುವುದು? ಉತ್ತರ ಹುಡುಕುವವರು ನಿಮ್ಮಲ್ಲಿಯೇ ಹುಟ್ಟಲಿ.